ಕೇಸು, ಸಮನ್ಸ್, ವಾರಂಟ್: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿಮಿನಲ್ ಕೇಸು ನಡೆಸುವ ವಕೀಲರಿಗೆ ಫೋನ್ ಬರುವುದು ಜಾಸ್ತಿ ರಾತ್ರಿ ಹೊತ್ತು. ಪೊಲೀಸರು ಮನೆಗೆ ಬಂದು ಹೋಗಿರುತ್ತಾರೆ, ಇಲ್ಲವೇ ಕೈಯಲ್ಲಿ ಒಂದು ಕಾಗದ ಇರುತ್ತದೆ, ಅದೇನು ಅಂತ ಗೊತ್ತಿರುವುದಿಲ್ಲ. ಇಷ್ಟು ವರ್ಷ ನನಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ. ಒಂದು ವಿಷಯ ಮೊದಲೇ ತಿಳಿದಿರಲಿ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಅಪರಾಧ, ಶಿಕ್ಷೆ ಯಾವುದು ಅಂತ ಹೇಳುವ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗಕ್ಕೆ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಆ ದಿನಕ್ಕಿಂತ ಮೊದಲು ನಡೆದ ಘಟನೆಗೆ ಈಗಲೂ ಐಪಿಸಿ ಸೆಕ್ಷನ್ನೇ ಹಾಕುತ್ತಾರೆ. ಹಾಗಾಗಿ ನಿಮ್ಮ ಕಾಗದದಲ್ಲಿ ಹಳೆ ನಂಬರ್ ಇದ್ದರೆ ಅದು ತಪ್ಪು ಅಂದುಕೊಳ್ಳಬೇಡಿ.

## ಮೊದಲು ಕೇಳುವವು

ನನ್ನ ಮೇಲೆ ಕಂಪ್ಲೇಂಟ್ ಕೊಟ್ಟಿದ್ದಾರಂತೆ. ಹಾಗಂದ್ರೆ ಕೇಸ್ ಆಯ್ತು ಅಂತಾನಾ?

ಆಗಿರಲೇಬೇಕು ಅಂತಿಲ್ಲ. ದೂರು ಕೊಟ್ಟ ತಕ್ಷಣ ಸ್ಟೇಷನ್‌ನವರು ಅದು ಯಾವ ಬಗೆಯ ಅಪರಾಧ ಅಂತ ನೋಡುತ್ತಾರೆ. ಬೈದಾಟ, ಸಣ್ಣಪುಟ್ಟ ಜಗಳದಂಥ ಅಸಂಜ್ಞೇಯ ಅಪರಾಧವಾದರೆ ಎನ್‌ಸಿ (ನಾನ್ ಕಾಗ್ನಿಜಬಲ್) ಅಂತ ಪುಸ್ತಕದಲ್ಲಿ ಬರೆದುಕೊಂಡು ದೂರುದಾರರಿಗೆ ಹಿಂಬರಹ ಕೊಡುತ್ತಾರೆ. ಅದರ ಮೇಲೆ ಕೋರ್ಟಿನ ಅಪ್ಪಣೆ ಇಲ್ಲದೆ ತನಿಖೆ ಮಾಡುವ ಹಾಗಿಲ್ಲ, ವಾರಂಟ್ ಇಲ್ಲದೆ ಹಿಡಿಯುವ ಹಾಗೂ ಇಲ್ಲ. ಸಂಜ್ಞೇಯ, ಅಂದರೆ ವಾರಂಟ್ ಇಲ್ಲದೆಯೇ ಪೊಲೀಸರು ಹಿಡಿಯಬಹುದಾದ ಅಪರಾಧವಾದರೆ ಎಫ್‌ಐಆರ್ ಹಾಕಲೇಬೇಕು. 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹೊಸ ಕಾನೂನಿನಲ್ಲಿ ಒಂದು ಸಣ್ಣ ಬದಲಾವಣೆ ಇದೆ. 3 ವರ್ಷದಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿ ಅನುಮತಿ ಪಡೆದು, 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮುಗಿಸಿ ಆಮೇಲೆ ತೀರ್ಮಾನಿಸಬಹುದು.

ಎಫ್‌ಐಆರ್, ಚಾರ್ಜ್‌ಶೀಟ್, ಚಾರ್ಜ್ ಮೂರೂ ಒಂದೇ ಅಲ್ವಾ?

ಅಲ್ಲ. ಎಫ್‌ಐಆರ್ ಅಂದರೆ ತನಿಖೆಯ ಮೊದಲ ಕಾಗದ ಅಷ್ಟೇ. ಯಾರೋ ಹೀಗೆ ಹೇಳಿದ್ದಾರೆ ಅಂತ ಅದರಲ್ಲಿ ಇರುತ್ತದೆ, ಅದು ನಿಜ ಅಂತ ಇನ್ನೂ ಯಾರೂ ಹೇಳಿಲ್ಲ. ತನಿಖೆ ಮುಗಿದ ಮೇಲೆ ಸಾಕ್ಷಿ ಸಿಕ್ಕಿದೆ ಅನ್ನಿಸಿದರೆ ಪೊಲೀಸರು ಕೋರ್ಟಿಗೆ ಹಾಕುವುದು ಚಾರ್ಜ್‌ಶೀಟ್. ಸಿಗದಿದ್ದರೆ, ದೂರೇ ಸರಿಯಲ್ಲ ಅನ್ನಿಸಿದರೆ, ಬಿ ರಿಪೋರ್ಟ್ ಹಾಕುತ್ತಾರೆ. ದೂರುದಾರರು ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು.

ಚಾರ್ಜ್ ಅನ್ನುವುದು ಪೊಲೀಸರ ಕೆಲಸವೇ ಅಲ್ಲ, ಅದು ಜಡ್ಜ್ ಮಾಡುವುದು. ಎರಡೂ ಕಡೆ ಕೇಳಿ, ಕಾಗದ ನೋಡಿ, ಇಂಥ ದಿನ ಇಂಥ ಕಡೆ ನೀವು ಹೀಗೆ ಮಾಡಿದ್ದೀರಿ ಅನ್ನುವುದು ಆರೋಪ, ಒಪ್ಪುತ್ತೀರಾ ಅಂತ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಕೇಳುತ್ತಾರೆ. ಒಪ್ಪಲ್ಲ ಅಂದರೆ ಸಾಕ್ಷಿ ವಿಚಾರಣೆ ಶುರು. ಸ್ಟೇಷನ್ನಿನ ಕ್ರೈಂ ನಂಬರ್ ಬೇರೆ, ಕೋರ್ಟಿನ ಸಿಸಿ ನಂಬರ್ ಬೇರೆ ಇರುವುದೂ ಇದಕ್ಕೇ. ಎರಡನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಎಫ್‌ಐಆರ್ ಕಾಪಿ ನಂಗೆ ಕೊಡ್ತಾ ಇಲ್ಲ. ಎಲ್ಲಿ ಸಿಗುತ್ತೆ?

ದೂರು ಕೊಟ್ಟವರಿಗೆ ಸ್ಟೇಷನ್ನಿನಲ್ಲೇ ಉಚಿತವಾಗಿ ಕೊಡಬೇಕು. ಆರೋಪಿಯಾದರೆ ರಾಜ್ಯ ಪೊಲೀಸ್ ವೆಬ್‌ಸೈಟ್ ನೋಡಿ. 24 ಗಂಟೆಯೊಳಗೆ ಎಫ್‌ಐಆರ್ ಅಲ್ಲಿಗೆ ಹಾಕಬೇಕು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಆಗಿದೆ. ಲೈಂಗಿಕ ಅಪರಾಧ, ಪೋಕ್ಸೋದಂಥ ಸೂಕ್ಷ್ಮ ಕೇಸುಗಳನ್ನು ಮಾತ್ರ ಹಾಕುವುದಿಲ್ಲ. ಅಲ್ಲಿ ಇಲ್ಲದಿದ್ದರೆ ಕೋರ್ಟಿನಲ್ಲಿ ಅರ್ಜಿ ಹಾಕಿ ಪಡೆಯಬಹುದು.

ಸ್ಟೇಷನ್‌ಗೆ ಬಾ ಅಂತ ಫೋನ್ ಮಾಡ್ತಿದ್ದಾರೆ. ಹೋದ್ರೆ ಒಳಗೆ ಹಾಕ್ತಾರಾ?

ಮೊದಲು ವಿನಯವಾಗಿ ಒಂದೇ ಮಾತು ಕೇಳಿ: ಸಾರ್, ನೋಟಿಸ್ ಕೊಡ್ತೀರಾ? ಬಂಧನ ಬೇಕಾಗಿಲ್ಲದ ಕೇಸಿನಲ್ಲಿ ಆರೋಪಿಯನ್ನು ಕರೆಯಲು ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 35(3) ಅಡಿ ಬರಹದ ನೋಟಿಸ್ ಕೊಡಬೇಕು. ಹಳೆ ಕಾನೂನಿನಲ್ಲಿ ಇದು 41ಎ. ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್ ಬಂದ ಮೇಲೆ ತಪ್ಪಿಸಬೇಡಿ. ಕರೆದ ದಿನ ಹೋಗಿ ಸಹಕರಿಸುತ್ತಿದ್ದರೆ ಸುಮ್ನೆ ಬಂಧಿಸುವ ಹಾಗಿಲ್ಲ, ಬಂಧಿಸಬೇಕು ಅನ್ನಿಸಿದರೆ ಕಾರಣ ಬರೆಯಬೇಕು. ಹೋಗದಿದ್ದರೆ ಆ ಕಾರಣವನ್ನು ನೀವೇ ಕೊಟ್ಟ ಹಾಗಾಗುತ್ತದೆ.

ಸಾಕ್ಷಿಯಾಗಿ ಕರೆದಿದ್ದರೆ ಲೆಕ್ಕ ಬೇರೆ. ಹೆಂಗಸರು, 15ಕ್ಕಿಂತ ಚಿಕ್ಕವರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರು ಸ್ಟೇಷನ್ನಿಗೆ ಹೋಗಬೇಕಾಗಿಲ್ಲ. ಪೊಲೀಸರೇ ಅವರ ಮನೆಗೆ ಬಂದು ಕೇಳಬೇಕು. ಇನ್ನೊಂದು, ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ. ಖಾಲಿ ಹಾಳೆಗಂತೂ ಯಾರೇ ಹೇಳಲಿ, ಸಹಿ ಹಾಕಬೇಡಿ.

## ಸಮನ್ಸ್ ಮತ್ತು ವಾರಂಟ್

ಸಮನ್ಸಿಗೂ ವಾರಂಟಿಗೂ ಏನು ವ್ಯತ್ಯಾಸ?

ಸಮನ್ಸ್ ನಿಮಗೆ ಬರೆದ ಕಾಗದ: ಇಂಥ ದಿನ ಕೋರ್ಟಿಗೆ ಬನ್ನಿ ಅಂತ. ವಾರಂಟ್ ಪೊಲೀಸರಿಗೆ ಬರೆದ ಕಾಗದ: ಇವರನ್ನು ಹಿಡಿದು ತನ್ನಿ ಅಂತ. ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಮೇಲೆ ಕೋರ್ಟಿನ ಹೆಸರು, ಕೇಸ್ ನಂಬರ್, ಸೆಕ್ಷನ್. ಮಧ್ಯೆ ನಿಮ್ಮ ಹೆಸರು, ತಂದೆ ಹೆಸರು, ವಿಳಾಸ. ಕೆಳಗೆ ಜಡ್ಜ್ ಸಹಿ, ಕೋರ್ಟಿನ ಮೊಹರು. ಸಹಿ ಮತ್ತು ಮೊಹರು ಇಲ್ಲದಿದ್ದರೆ ಅದು ವಾರಂಟೇ ಅಲ್ಲ. ಜಾರಿ ಮಾಡಲು ಬಂದವರು ಅದರಲ್ಲಿ ಏನಿದೆ ಅಂತ ಹೇಳಬೇಕು, ನೀವು ಕೇಳಿದರೆ ತೋರಿಸಬೇಕು.

ಸಮನ್ಸ್ ನಾನು ತಗೊಂಡೇ ಇಲ್ಲ. ತಗೊಳ್ಳದಿದ್ರೆ ಕೇಸ್ ನಡೆಯಲ್ಲ ಅಲ್ವಾ?

ದಯವಿಟ್ಟು ಈ ಮಾತನ್ನು ನಂಬಬೇಡಿ. ನಾನು ನೋಡಿದ ವಾರಂಟುಗಳಲ್ಲಿ ಜಾಸ್ತಿ ಪಾಲು ಹುಟ್ಟಿದ್ದು ಇಲ್ಲೇ. ಒಬ್ಬ ಹುಡುಗ ನನ್ನ ಹತ್ತಿರ ಬಂದಾಗ ಅವನ ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಸಮನ್ಸ್ ಇತ್ತು. ಚೆಕ್ ಬೌನ್ಸ್ ಕೇಸು. ಐದು ತಿಂಗಳ ಹಿಂದೆ ಅವನ ತಾಯಿ ಸಹಿ ಮಾಡಿ ತೆಗೆದುಕೊಂಡು, ಮಗ ಹೆದರಿಕೊಳ್ಳುತ್ತಾನೆ ಅಂತ ಸೀರೆಗಳ ಕೆಳಗೆ ಇಟ್ಟಿದ್ದರು. ಅಷ್ಟರಲ್ಲಿ ಮೂರು ಡೇಟ್ ಕಳೆದು ಎನ್‌ಬಿಡಬ್ಲ್ಯೂ (ಜಾಮೀನುರಹಿತ ವಾರಂಟ್) ಆಗಿತ್ತು. ಮೊದಲ ಡೇಟಿಗೇ ಬಂದಿದ್ದರೆ ಜಾಮೀನು ತೆಗೆದುಕೊಂಡು ಮಧ್ಯಾಹ್ನಕ್ಕೆ ಮನೆಗೆ ಹೋಗುವಂಥ ಕೇಸು ಅದು.

ಕಾನೂನಿನ ಪ್ರಕಾರ ನೀವು ಸಿಗದಿದ್ದರೆ ಮನೆಯ ವಯಸ್ಕರೊಬ್ಬರಿಗೆ ಸಮನ್ಸ್ ಕೊಡಬಹುದು. ಹಿಂದೆ ಗಂಡಸರಿಗೆ ಮಾತ್ರ ಕೊಡಬೇಕಿತ್ತು, ಈಗ ಹೆಂಗಸರಿಗೂ ಕೊಡಬಹುದು. ಯಾರೂ ಸಿಗದಿದ್ದರೆ ಬಾಗಿಲಿಗೆ ಅಂಟಿಸಿ ಹೋಗಬಹುದು. ಆಮೇಲೆ ಪೊಲೀಸರು ಕಾಗದದ ಹಿಂದೆ ಷರಾ ಬರೆದು ಕೋರ್ಟಿಗೆ ವಾಪಸ್ ಕಳಿಸುತ್ತಾರೆ. ಜಡ್ಜ್ ಓದುವುದು ಆ ಷರಾ. ಮನೆಯವರಿಗೆಲ್ಲ ಒಂದು ಮಾತು ಹೇಳಿಡಿ: ಕೋರ್ಟಿನ ಕಾಗದ ಬಂದರೆ ಫೋಟೋ ತೆಗೆದು ಅವತ್ತೇ ಕಳಿಸಿ.

ಬೇಲಬಲ್ ವಾರಂಟ್ ಅಂತ ಬರೆದಿದೆ. ಜೈಲಿಗೆ ಹೋಗಬೇಕಾ?

ಬೇಡ. ಇಷ್ಟು ಮೊತ್ತದ ಬಾಂಡ್, ಇಷ್ಟು ಜನ ಜಾಮೀನುದಾರರು ಅಂತ ವಾರಂಟಿನ ಮೇಲೇ ಬರೆದಿರುತ್ತದೆ. ಅದನ್ನು ಕೊಟ್ಟರೆ ಜಾರಿ ಮಾಡಲು ಬಂದ ಪೊಲೀಸರೇ ನಿಮ್ಮನ್ನು ಬಿಡಬೇಕು. ಆದರೆ ಬರೆದುಕೊಟ್ಟ ಡೇಟಿಗೆ ಕೋರ್ಟಿನಲ್ಲಿ ಇರಲೇಬೇಕು.

ಎನ್‌ಬಿಡಬ್ಲ್ಯೂ ಆಗಿದೆ. ಪೊಲೀಸರು ಬರೋ ಮೊದಲೇ ಕ್ಯಾನ್ಸಲ್ ಮಾಡಿಸಬಹುದಾ?

ಮಾಡಿಸಬಹುದು, ಮಾಡಿಸಲೇಬೇಕು. ಎನ್‌ಬಿಡಬ್ಲ್ಯೂ ಅಂದರೆ ಜಾಮೀನುರಹಿತ ವಾರಂಟ್, ಹಿಡಿದವರು ತಾವೇ ಬಿಡುವ ಹಾಗಿಲ್ಲ. ಅದನ್ನು ರದ್ದು ಮಾಡುವ ಅಧಿಕಾರ ಹೊರಡಿಸಿದ ಕೋರ್ಟಿನದ್ದು. ಸ್ಟೇಷನ್ನಿನಲ್ಲಿ ಮಾತಾಡಿ ಮುಗಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಸ್ಟೇಷನ್ನಿನಲ್ಲಿ ಅದು ಮುಗಿಯುವುದೇ ಇಲ್ಲ, ಮುಂದಿನ ಡೇಟಿಗೆ ಮತ್ತೆ ಹೊರಡುತ್ತದೆ.

ಕೆಲಸ ನಡೆಯುವುದು ಹೀಗೆ. ವಕೀಲರು ಕೇಸ್ ಅಡ್ವಾನ್ಸ್ ಮಾಡಿಸುತ್ತಾರೆ, ಅಂದರೆ ಮುಂದಿನ ಡೇಟ್ ತನಕ ಕಾಯದೆ ಇವತ್ತೇ ಫೈಲ್ ತೆಗೆಸುತ್ತಾರೆ. ಜೊತೆಗೆ ವಾರಂಟ್ ರೀಕಾಲ್ ಅರ್ಜಿ. ನೀವು ಖುದ್ದಾಗಿ ಕೋರ್ಟ್ ಹಾಲಿನಲ್ಲಿ ಇರಬೇಕು, ಬಹುತೇಕ ಕೋರ್ಟುಗಳು ಮುಖ ನೋಡದೆ ರೀಕಾಲ್ ಮಾಡುವುದಿಲ್ಲ. ಯಾಕೆ ಬರಲಿಲ್ಲ ಅಂತ ಕೇಳುತ್ತಾರೆ. ನಿಜ ಹೇಳಿ. ಆಸ್ಪತ್ರೆಯಲ್ಲಿ ಇದ್ದಿದ್ದರೆ ಚೀಟಿ, ಊರಲ್ಲಿ ಇರಲಿಲ್ಲ ಅಂದರೆ ಟಿಕೆಟ್, ಮನೆ ಬದಲಾಯಿಸಿದ್ದರೆ ಹೊಸ ವಿಳಾಸದ ದಾಖಲೆ ಇಟ್ಟುಕೊಂಡಿರಿ. ಸಮನ್ಸ್ ಬಂದೇ ಇರಲಿಲ್ಲ ಅಂದರೆ ಅದನ್ನೇ ಹೇಳಿ, ಫೈಲಿನಲ್ಲಿ ಷರಾ ಏನಿದೆ ಅಂತ ವಕೀಲರು ಮೊದಲೇ ನೋಡಿಕೊಂಡಿರುತ್ತಾರೆ.

ತಾನಾಗಿ ಬಂದವರಿಗೆ ಕೋರ್ಟ್ ಸಾಮಾನ್ಯವಾಗಿ ಸ್ವಲ್ಪ ದಂಡ ಅಥವಾ ಹೊಸ ಬಾಂಡ್ ಹಾಕಿಸಿ ವಾರಂಟ್ ವಾಪಸ್ ತೆಗೆದುಕೊಳ್ಳುತ್ತದೆ. ಪದೇ ಪದೇ ತಪ್ಪಿಸಿದವರನ್ನು ಒಳಗೆ ಕಳಿಸಿದ್ದೂ ಉಂಟು, ಸುಳ್ಳು ಧೈರ್ಯ ಹೇಳಲಾರೆ. ಆದರೆ ತಾನಾಗಿ ಬಂದು ನಿಂತವನಿಗೂ ಹಿಡಿದು ತಂದು ನಿಲ್ಲಿಸಿದವನಿಗೂ ಕೋರ್ಟಿನ ಕಣ್ಣಲ್ಲಿ ದೊಡ್ಡ ವ್ಯತ್ಯಾಸ ಇದೆ. ಮೊದಲು ಸಮನ್ಸ್, ಆಮೇಲೆ ಬೇಲಬಲ್ ವಾರಂಟ್, ಕೊನೆಗೆ ಎನ್‌ಬಿಡಬ್ಲ್ಯೂ, ಸಾಮಾನ್ಯವಾಗಿ ಈ ಕ್ರಮ ಇರಬೇಕು ಅಂತ ಸುಪ್ರೀಂ ಕೋರ್ಟ್ 2007ರ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಕೇಸಿನಲ್ಲಿ ಒಂದೇ ಸಲ ಎನ್‌ಬಿಡಬ್ಲ್ಯೂ ಆಗಿದ್ದರೆ ಇದನ್ನು ಅರ್ಜಿಯಲ್ಲಿ ಹಾಕಿಸಿ. ರೀಕಾಲ್ ಆದ ಮೇಲೆ ಆ ಆದೇಶದ ಪ್ರತಿ ತೆಗೆದುಕೊಂಡು ಜೇಬಿನಲ್ಲಿ ಇಟ್ಟುಕೊಳ್ಳಿ. ಕೋರ್ಟಿನಿಂದ ಸ್ಟೇಷನ್ನಿಗೆ ಸುದ್ದಿ ಮುಟ್ಟುವ ಮೊದಲೇ ಹಳೆ ವಾರಂಟ್ ಹಿಡಿದುಕೊಂಡು ಪೊಲೀಸರು ಬಂದರೆ ತೋರಿಸಲು ಬೇಕಾಗುತ್ತದೆ.

ವಾರಂಟ್ ಎಷ್ಟು ವರ್ಷಕ್ಕೆ ಎಕ್ಸ್‌ಪೈರ್ ಆಗುತ್ತೆ? ಬೇರೆ ರಾಜ್ಯಕ್ಕೆ ಹೋದ್ರೆ?

ಆಗುವುದಿಲ್ಲ. ಜಾರಿಯಾಗುವ ತನಕ, ಇಲ್ಲವೇ ಕೋರ್ಟ್ ರದ್ದು ಮಾಡುವ ತನಕ ಅದಕ್ಕೆ ಜೀವ ಇರುತ್ತದೆ. ದೇಶದ ಯಾವ ಮೂಲೆಯಲ್ಲಾದರೂ ಜಾರಿ ಮಾಡಬಹುದು.

ನನ್ನ ಹೆಸರಲ್ಲಿ ವಾರಂಟ್ ಇದೆಯಾ ಅಂತ ಮನೇಲೇ ಕೂತು ನೋಡಬಹುದಾ?

ಸ್ವಲ್ಪ ಮಟ್ಟಿಗೆ. ಇ-ಕೋರ್ಟ್ಸ್ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ 16 ಅಕ್ಷರದ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೊಡುವ ಗುರುತಿನ ಸಂಖ್ಯೆ), ಕೇಸ್ ನಂಬರ್, ಎಫ್‌ಐಆರ್ ನಂಬರ್ ಅಥವಾ ಹೆಸರು ಹಾಕಿ ಹುಡುಕಬಹುದು. ದಿನದ ಆದೇಶ ತೆರೆದು ಓದಿ, ವಾರಂಟ್ ಆಗಿದ್ದರೆ ಅಲ್ಲಿ ಬರೆದಿರುತ್ತದೆ. ಹೆಸರಿನ ಸ್ಪೆಲಿಂಗ್ ಒಂದು ಅಕ್ಷರ ಬೇರೆ ಇದ್ದರೂ ಸಿಗದೆ ಹೋಗಬಹುದು, ಎರಡು ಮೂರು ಥರ ಹಾಕಿ ನೋಡಿ. ಅನುಮಾನ ಇದ್ದರೆ ಕೋರ್ಟ್ ಕಚೇರಿಯಲ್ಲೇ ವಿಚಾರಿಸುವುದು ವಾಸಿ.

ವಿಡಿಯೋ ಕಾಲ್‌ನಲ್ಲಿ ವಾರಂಟ್ ತೋರಿಸಿ, ಡಿಜಿಟಲ್ ಅರೆಸ್ಟ್ ಮಾಡಿದ್ದೀವಿ ಅಂದ್ರು. ಏನು ಮಾಡ್ಲಿ?

ಕಾಲ್ ಕಟ್ ಮಾಡಿ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಕ್ಯಾಮೆರಾ ಆಫ್ ಮಾಡಬೇಡಿ, ಯಾರಿಗೂ ಹೇಳಬೇಡಿ, ದುಡ್ಡು ಈ ಖಾತೆಗೆ ಹಾಕಿ, ಪರಿಶೀಲಿಸಿ ವಾಪಸ್ ಕೊಡ್ತೀವಿ ಅನ್ನುವವರು ಕಳ್ಳರು. ಅವರು ತೋರಿಸುವ ಕಾಗದದಲ್ಲಿ ಮೊಹರು, ಲಾಂಛನ ಎಲ್ಲ ಇರುತ್ತದೆ, ಓದಿದವರೂ ಮೋಸ ಹೋಗಿದ್ದಾರೆ. ದುಡ್ಡು ಹೋಗಿದ್ದರೆ ಒಂದು ನಿಮಿಷವೂ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

## ಬಂಧನ, ಜಾಮೀನು

ವಾರಂಟ್ ಇಲ್ಲದೆ ಅರೆಸ್ಟ್ ಮಾಡೋಕೆ ಬರಲ್ಲ ಅಂತಾರಲ್ಲ, ನಿಜಾನಾ?

ಅಸಂಜ್ಞೇಯ ಅಪರಾಧಕ್ಕೆ ನಿಜ. ಸಂಜ್ಞೇಯ ಅಪರಾಧದಲ್ಲಿ ವಾರಂಟ್ ಬೇಕಾಗಿಲ್ಲ. ಹಾಗಂತ ಮನಸ್ಸಿಗೆ ಬಂದ ಹಾಗೆ ಹಿಡಿಯುವಂತಿಲ್ಲ. 7 ವರ್ಷದವರೆಗಿನ ಶಿಕ್ಷೆಯ ಕೇಸಾದರೆ ಯಾಕೆ ಬಂಧಿಸಲೇಬೇಕು ಅಂತ ಬರೆದಿಡಬೇಕು. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಬಂದ ಮೇಲೆ ಕೋರ್ಟುಗಳು ಇದನ್ನು ಗಂಭೀರವಾಗಿ ನೋಡುತ್ತವೆ. 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಕೇಸಿನಲ್ಲಿ 60 ದಾಟಿದವರನ್ನು, ಅಶಕ್ತರನ್ನು ಹಿಡಿಯಬೇಕಾದರೆ ಡಿವೈಎಸ್‌ಪಿ ಅನುಮತಿ ಬೇಕು.

ನಮ್ಮಣ್ಣನನ್ನು ಈಗಷ್ಟೇ ಜೀಪಲ್ಲಿ ಕರ್ಕೊಂಡು ಹೋದ್ರು. ಮೊದಲು ಏನು ಮಾಡ್ಲಿ?

ಯಾವ ಸ್ಟೇಷನ್, ಯಾವ ಕೇಸ್ ಅಂತ ತಿಳಿದುಕೊಳ್ಳಿ. ಹಿಡಿದ ಸುದ್ದಿ, ಎಲ್ಲಿಟ್ಟಿದ್ದಾರೆ ಅನ್ನುವುದನ್ನು ಮನೆಯವರಿಗೆ ತಿಳಿಸುವುದು ಪೊಲೀಸರ ಕರ್ತವ್ಯ, ಕೇಳಲು ಹಿಂಜರಿಯಬೇಡಿ. ಹೊರಟ ಸಮಯ ಬರೆದಿಟ್ಟುಕೊಳ್ಳಿ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡಲೇಬೇಕು. ಭಾನುವಾರ, ಹಬ್ಬ ಅಂತ ವಿನಾಯಿತಿ ಇಲ್ಲ, ರಜೆ ದಿನ ಮ್ಯಾಜಿಸ್ಟ್ರೇಟ್ ಮನೆಗೇ ಕರೆದುಕೊಂಡು ಹೋಗುತ್ತಾರೆ.

ಯಾಕೆ ಬಂಧಿಸಿದ್ದು ಅನ್ನುವ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ವೈದ್ಯರ ತಪಾಸಣೆ ಆಗಬೇಕು. ವಿಚಾರಣೆ ನಡೆಯುವಾಗ ವಕೀಲರನ್ನು ಭೇಟಿ ಮಾಡುವ ಹಕ್ಕು ಇದೆ. ಮಾತ್ರೆ ತೆಗೆದುಕೊಳ್ಳುವವರಾದರೆ ಮಾತ್ರೆ ಮತ್ತು ಡಾಕ್ಟರ್ ಚೀಟಿ ಎರಡನ್ನೂ ಸ್ಟೇಷನ್ನಿಗೆ ತಲುಪಿಸಿ. ಹೊಡೆದಿದ್ದರೆ ಮ್ಯಾಜಿಸ್ಟ್ರೇಟ್ ಕೇಳಿದಾಗ ಹೇಳಲೇಬೇಕು, ಎಷ್ಟೋ ಜನ ಭಯಕ್ಕೆ ಇಲ್ಲ ಸಾರ್ ಅಂದುಬಿಡುತ್ತಾರೆ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ ಹೇಳಿಕೆ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲುವುದಿಲ್ಲ ಅನ್ನುವುದೂ ಗೊತ್ತಿರಲಿ.

ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವ ಹಾಗಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟ್ ಅನುಮತಿ ಪಡೆದು ಮಾಡಬೇಕು.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿ ಇರುವವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ.

ಮನೆ ಸರ್ಚ್ ಮಾಡ್ಬೇಕು ಅಂತ ಬಂದಿದ್ದಾರೆ. ವಾರಂಟ್ ತೋರಿಸಿ ಅನ್ನಬಹುದಾ?

ಕೇಳಬಹುದು. ಆದರೆ ತಡವಾದರೆ ಸಾಕ್ಷಿ ಕೈತಪ್ಪುತ್ತದೆ ಅನ್ನಿಸಿದಾಗ ತನಿಖಾಧಿಕಾರಿ ಕಾರಣ ಬರೆದಿಟ್ಟು ವಾರಂಟ್ ಇಲ್ಲದೆಯೂ ಹುಡುಕಬಹುದು. ಅಡ್ಡ ಬೀಳಬೇಡಿ. ಪಂಚರು, ಅಂದರೆ ಹುಡುಕಾಟಕ್ಕೆ ಸಾಕ್ಷಿಯಾಗಿ ನಿಲ್ಲುವ ಹೊರಗಿನವರು, ಇದ್ದಾರಾ ನೋಡಿ. ಈಗ ಇಡೀ ಹುಡುಕಾಟದ ವಿಡಿಯೋ ಮಾಡುವುದು ಕಡ್ಡಾಯ. ಏನೇನು ತೆಗೆದುಕೊಂಡು ಹೋದರು ಅನ್ನುವ ಪಟ್ಟಿಯ ಪ್ರತಿ ಕೇಳಿ ಪಡೆಯಿರಿ. ಅಲ್ಲಿ ಸಿಗದೇ ಇದ್ದ ವಸ್ತುವನ್ನು ಮಹಜರಿನಲ್ಲಿ (ಹುಡುಕಾಟದ ವರದಿಯಲ್ಲಿ) ಸೇರಿಸಿದ್ದರೆ ಆಗಲೇ ಹೇಳಿ.

ಬೇಲ್ ಆಗಿದೆ, ಆದ್ರೆ ಜಾಮೀನು ನಿಲ್ಲೋರು ಯಾರೂ ಇಲ್ಲ. ಇನ್ನೂ ಒಳಗೇ ಇದ್ದಾರೆ.

ಇದು ನನಗೆ ತುಂಬಾ ನೋವು ಕೊಡುವ ಪ್ರಶ್ನೆ. ಆದೇಶ ಆಗಿದ್ದರೂ ಜಾಮೀನುದಾರರ ಜಮೀನಿನ ಒಂದು ಪಹಣಿ ಇಲ್ಲ ಅಂತ ಜನ ವಾರಗಟ್ಟಲೆ ಒಳಗೇ ಉಳಿಯುತ್ತಾರೆ. ಜಾಮೀನು ಹಕ್ಕಾಗಿ ಸಿಗುವ (ಬೇಲಬಲ್) ಅಪರಾಧದಲ್ಲಿ ಒಂದು ವಾರದೊಳಗೆ ಜಾಮೀನು ಕೊಡಲಾಗದವರನ್ನು ಬಡವರು ಅಂತ ಪರಿಗಣಿಸಿ ಸ್ವಂತ ಬಾಂಡ್ ಮೇಲೆ ಬಿಡಬೇಕು. ಬೇರೆ ಕೇಸುಗಳಲ್ಲೂ ಆದೇಶವಾಗಿ ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟ್ ಪರಿಗಣಿಸಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿದೆ. ಕಾಯಬೇಡಿ, ಷರತ್ತು ಬದಲಾವಣೆಗೆ ಅರ್ಜಿ ಹಾಕಿಸಿ. ದುಡ್ಡು ತೆಗೆದುಕೊಂಡು ಜಾಮೀನು ನಿಲ್ಲುವ ಅಪರಿಚಿತರನ್ನು ಮಾತ್ರ ಕರೆತರಬೇಡಿ, ದಾಖಲೆ ನಕಲಿಯಾಗಿದ್ದರೆ ಇನ್ನೊಂದು ಕೇಸು ಮೈಮೇಲೆ ಬರುತ್ತದೆ.

ಮೂರು ತಿಂಗಳಾಯ್ತು, ಇನ್ನೂ ಚಾರ್ಜ್‌ಶೀಟ್ ಹಾಕಿಲ್ಲ. ಬಿಡಲ್ವಾ?

ಕಸ್ಟಡಿಯಲ್ಲಿ ಇದ್ದರೆ, ಮೊದಲ ರಿಮಾಂಡ್ ದಿನದಿಂದ, ಅಂದರೆ ಮ್ಯಾಜಿಸ್ಟ್ರೇಟ್ ಮೊದಲ ಸಲ ಕಸ್ಟಡಿಗೆ ಒಪ್ಪಿಸಿದ ದಿನದಿಂದ, ಎಣಿಸಿ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಕ್ಕೆ 90 ದಿನ, ಉಳಿದವಕ್ಕೆ 60 ದಿನ. ಕೆಲವು ವಿಶೇಷ ಕಾಯ್ದೆಗಳಲ್ಲಿ ಗಡುವು ಜಾಸ್ತಿ ಇದೆ. ಅಷ್ಟರಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ನಿಮ್ಮ ಹಕ್ಕು. ಆದರೆ ಅದು ತಾನಾಗಿ ಸಿಗುವುದಿಲ್ಲ. ಗಡುವು ಮುಗಿದ ಮೇಲೆ, ಚಾರ್ಜ್‌ಶೀಟ್ ಬರುವ ಮೊದಲು ಅರ್ಜಿ ಹಾಕಬೇಕು. ಒಂದು ದಿನ ತಡ ಮಾಡಿ ಈ ಹಕ್ಕು ಕಳೆದುಕೊಂಡವರನ್ನು ನೋಡಿದ್ದೇನೆ.

## ಮುಂದಿನ ಹಂತದವು

ಕೋರ್ಟ್ ಕಾಗದದಲ್ಲಿ ವಾರಂಟ್ ಕೇಸ್ ಅಂತಿದೆ. ಅರೆಸ್ಟ್ ಆಗುತ್ತೆ ಅಂತಾನಾ?

ಇಲ್ಲ, ಹೆಸರು ಹಾಗಿದೆ ಅಷ್ಟೇ. 2 ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಗಳನ್ನು ವಾರಂಟ್ ಕೇಸ್ ಅನ್ನುತ್ತಾರೆ, ಉಳಿದವು ಸಮನ್ಸ್ ಕೇಸ್. ವಿಚಾರಣೆ ನಡೆಸುವ ರೀತಿ ಬೇರೆ.

ದೂರು ಕೊಟ್ಟವರೇ ವಾಪಸ್ ತಗೊಳ್ತೀವಿ ಅಂತಿದ್ದಾರೆ. ಕೇಸ್ ಮುಗೀತಾ?

ಎಫ್‌ಐಆರ್ ಆದ ಮೇಲೆ ಕೇಸು ಸರ್ಕಾರದ್ದು, ದೂರುದಾರರು ಸುಮ್ನೆ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಸಾಮಾನ್ಯ ಹಲ್ಲೆಯಂಥ ಕೆಲವನ್ನು ವಿಚಾರಣಾ ಕೋರ್ಟಿನಲ್ಲೇ ರಾಜಿ ಮಾಡಿಕೊಳ್ಳಬಹುದು, ವಂಚನೆಯಂಥ ಕೆಲವಕ್ಕೆ ಕೋರ್ಟಿನ ಅನುಮತಿ ಬೇಕು. ರಾಜಿಗೆ ಅವಕಾಶ ಇರುವ ಅಪರಾಧಗಳ ಪಟ್ಟಿಯಲ್ಲಿ ಇಲ್ಲದ ಸೆಕ್ಷನ್ ಆದರೆ ಹೈಕೋರ್ಟಿಗೆ ಹೋಗಿ ರದ್ದು ಕೇಳಬೇಕು. ಇಬ್ಬರ ನಡುವಿನ ಖಾಸಗಿ ವ್ಯಾಜ್ಯವಾದರೆ ಹೈಕೋರ್ಟ್ ಒಪ್ಪಬಹುದು, ಕೊಲೆ, ಅತ್ಯಾಚಾರದಂಥ ಕೇಸಿನಲ್ಲಿ ರಾಜಿ ನಡೆಯುವುದಿಲ್ಲ. ರಾಜಿ ಪತ್ರ ಬರೆದುಕೊಂಡು ಮುಗಿಯಿತು ಅಂತ ಡೇಟಿಗೆ ಹೋಗುವುದನ್ನು ನಿಲ್ಲಿಸಬೇಡಿ. ಆದೇಶ ಆಗುವ ತನಕ ಕೇಸು ಜೀವಂತ.

ಚಾರ್ಜ್‌ಶೀಟೇ ಪೂರ್ತಿ ಸುಳ್ಳು. ಸಾಕ್ಷಿ ವಿಚಾರಣೆ ತನಕ ಕಾಯ್ಬೇಕಾ?

ಎರಡು ದಾರಿ ಇವೆ. ಚಾರ್ಜ್ ಮಾಡುವ ಮೊದಲೇ, ಈ ಕಾಗದಗಳನ್ನು ಪೂರ್ತಿ ನಂಬಿದರೂ ನನ್ನ ಮೇಲೆ ಅಪರಾಧ ನಿಲ್ಲುವುದಿಲ್ಲ ಅಂತ ಡಿಸ್ಚಾರ್ಜ್ ಅರ್ಜಿ, ಅಂದರೆ ಕೇಸಿನಿಂದ ಕೈಬಿಡಿ ಅನ್ನುವ ಅರ್ಜಿ, ಹಾಕಬಹುದು. ಪೊಲೀಸರು ಚಾರ್ಜ್‌ಶೀಟ್ ಹಾಕಿ ಮ್ಯಾಜಿಸ್ಟ್ರೇಟ್ ಮುಂದೆ ನಡೆಯುವ ವಾರಂಟ್ ಕೇಸಿನಲ್ಲಿ, ದಾಖಲೆ ಕೈಗೆ ಬಂದ 60 ದಿನದೊಳಗೆ ಅದನ್ನು ಹಾಕಬೇಕು. ಇನ್ನೊಂದು, ಕೇಸನ್ನೇ ರದ್ದು ಮಾಡಿ ಅಂತ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 528 ಅಡಿ ಹೈಕೋರ್ಟಿಗೆ ಹೋಗುವುದು. ಹಳಬರು ಇದನ್ನು ಈಗಲೂ 482 ಅನ್ನುತ್ತಾರೆ. ನೆನಪಿರಲಿ, ಈ ಹಂತದಲ್ಲಿ ನಿಮ್ಮ ಕಡೆಯ ಸಾಕ್ಷಿಯನ್ನು ಕೋರ್ಟ್ ಸಾಮಾನ್ಯವಾಗಿ ನೋಡುವುದಿಲ್ಲ. ದೂರುದಾರ ಸುಳ್ಳು ಹೇಳುತ್ತಿದ್ದಾನೆ ಅನ್ನುವುದಷ್ಟೇ ನಿಮ್ಮ ವಾದವಾದರೆ ಅದರ ಜಾಗ ಪಾಟಿ ಸವಾಲು, ಅಂದರೆ ಅವನು ಸಾಕ್ಷಿ ಹೇಳಿದ ಮೇಲೆ ನಿಮ್ಮ ವಕೀಲರು ಅವನಿಗೆ ಹಾಕುವ ಪ್ರಶ್ನೆಗಳು.

ತಲೆಮರೆಸಿಕೊಂಡವರು ಅಂತ ಘೋಷಣೆ ಹೊರಡಿಸ್ತಾರಂತೆ. ಅದು ಏನು?

ವಾರಂಟ್ ಜಾರಿಯಾಗದಂತೆ ಅಡಗಿದ್ದಾರೆ ಅಂತ ಕೋರ್ಟಿಗೆ ಅನ್ನಿಸಿದರೆ, ಕಡಿಮೆ ಅಂದರೂ 30 ದಿನ ಗಡುವು ಕೊಟ್ಟು ಹಾಜರಾಗಲು ಘೋಷಣೆ ಹೊರಡಿಸುತ್ತದೆ. ಅದನ್ನು ಊರಿನಲ್ಲಿ ಎಲ್ಲರ ಮುಂದೆ ಓದುತ್ತಾರೆ, ಮನೆಗೆ ಅಂಟಿಸುತ್ತಾರೆ. ಆಸ್ತಿ ಜಪ್ತಿಯೂ ಆಗಬಹುದು. ಆಗಲೂ ಬರದಿದ್ದರೆ ಅದೇ ಬೇರೆ ಅಪರಾಧ, 3 ವರ್ಷದವರೆಗೆ ಶಿಕ್ಷೆ. 10 ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಕೇಸಿನಲ್ಲಿ ಘೋಷಿತ ಅಪರಾಧಿ ಅಂತ ಆದರೆ 7 ವರ್ಷದವರೆಗೆ. ಅಂಥವರ ವಿಚಾರಣೆಯನ್ನು ಅವರಿಲ್ಲದೆಯೇ ನಡೆಸಿ ತೀರ್ಪು ಕೊಡಲು ಹೊಸ ಕಾನೂನಿನಲ್ಲಿ ಅವಕಾಶ ಬಂದಿದೆ. ಘೋಷಣೆ ಆದವರಿಗೆ ನಿರೀಕ್ಷಣಾ ಜಾಮೀನು (ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು) ಸಿಗುವುದೂ ಬಹಳ ಕಷ್ಟ.

ಕೇಸ್ ಇದ್ರೆ ಪಾಸ್‌ಪೋರ್ಟ್, ಕೆಲಸ ಎಲ್ಲ ಹೋಯ್ತಾ?

ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ, ಇಲ್ಲವೇ ವಾರಂಟ್ ಇದ್ದರೆ ಅರ್ಜಿ ತಿರಸ್ಕರಿಸಬಹುದು. ಆದರೆ ಕೇಸು ನಡೆಯುತ್ತಿರುವ ಕೋರ್ಟಿನ ಅನುಮತಿ ಆದೇಶ ತಂದರೆ ಪಾಸ್‌ಪೋರ್ಟ್ ಕೊಡಲು 1993ರ ಅಧಿಸೂಚನೆ ಅವಕಾಶ ಮಾಡಿದೆ. ಕೋರ್ಟ್ ಅವಧಿ ಹೇಳದಿದ್ದರೆ ಒಂದು ವರ್ಷಕ್ಕೆ ಸಿಗುತ್ತದೆ.

ಕೆಲಸದ ವಿಷಯದಲ್ಲಿ ಅರ್ಜಿಯ ಪ್ರಶ್ನೆಯನ್ನು ಎರಡು ಸಲ ಓದಿ. ಶಿಕ್ಷೆ ಆಗಿದೆಯಾ ಅಂತ ಕೇಳಿದ್ದಾರಾ, ಕೇಸ್ ಬಾಕಿ ಇದೆಯಾ ಅಂತ ಕೇಳಿದ್ದಾರಾ, ಎರಡೂ ಬೇರೆ. ಕೇಳಿದ್ದಕ್ಕೆ ನಿಜ ಬರೆಯಿರಿ. ಸಣ್ಣ ಕೇಸನ್ನು ಹೇಳಿಕೊಂಡವರಿಗೆ ಕೆಲಸ ಸಿಕ್ಕಿದ್ದಿದೆ, ಅದನ್ನೇ ಮುಚ್ಚಿಟ್ಟವರು ಆಮೇಲೆ ಪೊಲೀಸ್ ವೆರಿಫಿಕೇಷನ್‌ನಲ್ಲಿ ಸಿಕ್ಕಿಬಿದ್ದು ಕಳೆದುಕೊಂಡದ್ದೂ ಇದೆ. ಖುಲಾಸೆ ಆಗಿದ್ದರೆ ತೀರ್ಪಿನ ದೃಢೀಕೃತ ನಕಲು ಎರಡು ತೆಗೆಸಿಡಿ. ಹತ್ತು ವರ್ಷದ ನಂತರ ಯಾರಾದರೂ ಕೇಳಿದಾಗ ಹಳೆ ಫೈಲ್ ಹುಡುಕಿಸುವುದು ದೊಡ್ಡ ಕೆಲಸ.